ಗರಿ ಉಬ್ಬಿಸಿ ಕೂತ ಹೇಂಟೆ

ಮಕ್ಕಳೇ, ನಿಮ್ಮ ಮನೆಯಲ್ಲಿ ಕೋಳಿಗಳಿವೆಯೇ? ಇದ್ದರೆ ಬೆಳಿಗ್ಗೆ ಗೂಡಿನ ಬಾಗಿಲು ತೆಗೆಯುವವರು ಯಾರು? ನೀವೇ ಆಗಿದ್ದರೆ ಈ ಪಾಠವನ್ನು ಸ್ವಲ್ಪ ಗಮನವಿಟ್ಟು ಓದಿ. ಕೋಳಿಯ ಕಾಯಿಲೆ ಮೊದಲು ಬೀಳುವುದು ಗೂಡಿನ ಬಾಗಿಲು ತೆಗೆಯುವವರ ಕಣ್ಣಿಗೆ.

ಬಾಗಿಲು ತೆಗೆದ ಕೂಡಲೇ ಕೋಳಿಗಳು ಹೇಗೆ ಹೊರಗೆ ಬರುತ್ತವೆ ಎಂದು ನೆನಪು ಮಾಡಿಕೊಳ್ಳಿ. ಒಂದನ್ನೊಂದು ನೂಕಿಕೊಂಡು, ರೆಕ್ಕೆ ಬಡಿದುಕೊಂಡು ಅಂಗಳಕ್ಕೆ ಹಾರುತ್ತವೆ. ಒಂದು ದಿನ ಐದು ಕೋಳಿಗಳಲ್ಲಿ ನಾಲ್ಕು ಹೊರಗೆ ಬಂದವು, ಒಂದು ಹೇಂಟೆ ಮಾತ್ರ ಒಳಗೇ ಉಳಿಯಿತು ಎಂದುಕೊಳ್ಳಿ. ಕೊರಳನ್ನು ಒಳಗೆಳೆದುಕೊಂಡು, ಗರಿ ಉಬ್ಬಿಸಿಕೊಂಡು, ಚೆಂಡಿನ ಹಾಗೆ ಮೂಲೆಯಲ್ಲಿ ಕೂತಿದೆ. ಅದಕ್ಕೆ ಏನಾಗಿದೆ?

ಅವಸರ ಪಡಬೇಡಿ. ಕಾವು ಕೂತ ಹೇಂಟೆಯೂ ಹೀಗೆಯೇ ಗರಿ ಉಬ್ಬಿಸಿ ಕೂರುತ್ತದೆ. ಮೆಲ್ಲಗೆ ಕೈ ಚಾಚಿ ನೋಡಿ. ಕಾವು ಕೂತದ್ದಾದರೆ ಅದು 'ಕ್ರ್ಯಾ' ಎಂದು ಗದರಿಸುತ್ತದೆ, ಕುಕ್ಕಲೂ ಬರುತ್ತದೆ. ಕಾಯಿಲೆಯ ಕೋಳಿ ಗದರಿಸುವುದಿಲ್ಲ. ನೀವು ಮುಟ್ಟಿದರೂ ಸುಮ್ಮನಿರುತ್ತದೆ, ಅರ್ಧ ಕಣ್ಣು ಮುಚ್ಚುತ್ತದೆ. ಬಯ್ಯುವ ಹೇಂಟೆಗಿಂತ ಸುಮ್ಮನಿರುವ ಹೇಂಟೆಯ ಬಗ್ಗೆಯೇ ನಾವು ಹೆಚ್ಚು ಚಿಂತೆ ಮಾಡಬೇಕು.

ನಾನು ನಿಮ್ಮಷ್ಟು ದೊಡ್ಡವನಿದ್ದಾಗ ನಮ್ಮ ಮನೆಯಲ್ಲಿ ಒಂದು ಕೆಂಪು ಹೇಂಟೆಯಿತ್ತು. ನಮ್ಮದು ಕಾಸರಗೋಡಿನ ಒಳಗಿನ ಒಂದು ಹಳ್ಳಿ. ಸುತ್ತ ಅಡಿಕೆ ತೋಟ, ಹಿಂದೆ ಗುಡ್ಡ. ಆಟಿ ತಿಂಗಳ ಮಳೆ ಹಿಡಿಯಿತೆಂದರೆ ಬಿಡುತ್ತಿರಲಿಲ್ಲ. ಅಂಥ ಒಂದು ಮಳೆಯ ದಿನ ಕೆಂಪಿ ಹೀಗೆ ಕೂತುಬಿಟ್ಟಳು. ಅಜ್ಜಿ ತೋಟಕ್ಕೆ ಹೋಗಿದ್ದರು. ನನಗೆ ಕನಿಕರವಾಯಿತು. ಕೋಳಿ ನೀರು ಕುಡಿಯುತ್ತಿಲ್ಲವೆಂದು ಅದರ ಕೊಕ್ಕು ಬಿಡಿಸಿ, ಚಮಚದಲ್ಲಿ ನೀರು ತುಂಬಿ ಗಂಟಲಿಗೆ ಹೊಯ್ದೆ. ಒಂದಲ್ಲ, ಮೂರು ಚಮಚ. ಕೆಂಪಿ ತಲೆ ಕೊಡವಿದಳು. ಗೊರ ಗೊರ ಶಬ್ದ ಮಾಡಿದಳು. ಅಜ್ಜಿ ಬರುವಷ್ಟರಲ್ಲಿ ಅವಳು ಸತ್ತುಹೋಗಿದ್ದಳು.

ಅಜ್ಜಿ ನನ್ನನ್ನು ಬಯ್ಯಲಿಲ್ಲ. ತೆಂಗಿನ ಬುಡದಲ್ಲಿ ಆಳವಾದ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಿದರು. ಸತ್ತ ಕೋಳಿಯನ್ನು ತೋಡಿಗೆ ಎಸೆಯಬಾರದು, ಕೆಳಗಿನ ಮನೆಯವರು ಅದೇ ನೀರು ಬಳಸುತ್ತಾರೆ ಎಂದರು. ಅಷ್ಟೇ. ನಾನು ಮಾಡಿದ ತಪ್ಪು ಏನೆಂದು ತಿಳಿದದ್ದು ಬಹಳ ದಿನಗಳ ಮೇಲೆ. ಕೋಳಿಯ ಶ್ವಾಸನಾಳದ ಬಾಯಿ ಅದರ ನಾಲಿಗೆಯ ಬುಡದಲ್ಲೇ ಇದೆ. ಗಂಟಲಿಗೆ ಒಮ್ಮೆಲೇ ಹೊಯ್ದ ನೀರು ಹೊಟ್ಟೆಗೆ ಹೋಗದೆ ಶ್ವಾಸಕೋಶಕ್ಕೆ ಹೋಗುತ್ತದೆ. ಕೋಳಿ ನೀರು ಕುಡಿಯುವುದನ್ನು ನೀವು ನೋಡಿದ್ದೀರಲ್ಲವೇ? ಕೊಕ್ಕು ಅದ್ದುತ್ತದೆ, ತಲೆ ಎತ್ತುತ್ತದೆ, ಒಂದೊಂದೇ ಗುಟುಕನ್ನು ಇಳಿಸುತ್ತದೆ. ನಾವೂ ಹಾಗೆಯೇ ಕುಡಿಸಬೇಕು. ಬೆರಳಿನ ತುದಿಯನ್ನು ನೀರಿಗೆ ಅದ್ದಿ ಕೊಕ್ಕಿನ ಬದಿಗೆ ತಾಗಿಸಬೇಕು. ಒಂದು ಹನಿ ಒಳಗೆ ಹೋಗುತ್ತದೆ. ಅದು ನುಂಗಿದ ಮೇಲೆ ಇನ್ನೊಂದು ಹನಿ. ಇದಕ್ಕೆ ತುಂಬ ಹೊತ್ತು ಬೇಕು. ಬೇಕಾದರೆ ಬೇಕು.

ಮರುವರ್ಷದ ಮಳೆಗಾಲದಲ್ಲಿ ಇನ್ನೊಂದು ಹೇಂಟೆ ಹೀಗೆಯೇ ಕೂತಿತು. ಇವಳು ಕರಿಯ ಬಣ್ಣದವಳು. ಬಿಸಿಲಿಗೆ ಬಂದರೆ ಗರಿಗಳಲ್ಲಿ ನೀಲಿ ಹೊಳಪು. ನಮ್ಮ ಉತ್ತರ ಕೇರಳದಲ್ಲಿ ಇಂಥ ಒಂದು ನಾಡತಳಿಯೇ ಇದೆ; ಅದಕ್ಕೆ ತಲಶ್ಶೇರಿ ಕೋಳಿ ಎಂದು ಹೆಸರು. ನಮ್ಮ ಕರಿಯಿ ಆ ಜಾತಿಯವಳೇ ಎಂದು ನಾನು ಜಂಬದಿಂದ ಹೇಳಿಕೊಳ್ಳುತ್ತಿದ್ದೆ. ಅವಳ ಮೊಟ್ಟೆ ಮಾರಿದ ಹಣದಲ್ಲೇ ನನ್ನ ನೋಟು ಪುಸ್ತಕಗಳು ಬರುತ್ತಿದ್ದವು.

ಈ ಸಲ ಅಜ್ಜಿ ಮನೆಯಲ್ಲೇ ಇದ್ದರು. ಅವರು ಮೊದಲು ಮಾಡಿದ ಕೆಲಸ ಮದ್ದು ಹುಡುಕುವುದಲ್ಲ. ಕರಿಯಿಯನ್ನು ಮೆಲ್ಲಗೆ ಎತ್ತಿ ಉಳಿದ ಕೋಳಿಗಳಿಂದ ಬೇರೆ ಮಾಡಿದರು. ಇದಕ್ಕೆ ಎರಡು ಕಾರಣಗಳಿವೆ. ಒಂದು, ಅಂಟುರೋಗವಾದರೆ ಬೇರೆಯವಕ್ಕೆ ಹರಡಬಾರದು. ಎರಡನೆಯದು ನಿಮಗೆ ಬೇಸರ ತರಿಸಬಹುದು. ಕೋಳಿಗಳು ತಮ್ಮಲ್ಲಿ ಸೊರಗಿದ್ದನ್ನು ಕುಕ್ಕುತ್ತವೆ. ಮೇವಿನ ಹತ್ತಿರ ಬರಲು ಬಿಡುವುದಿಲ್ಲ. ಅದಕ್ಕೇ ಕಾಯಿಲೆಯ ಕೋಳಿ ತನ್ನ ಕಾಯಿಲೆಯನ್ನು ಆದಷ್ಟು ದಿನ ಮುಚ್ಚಿಡುತ್ತದೆ. ಹದ್ದು, ಮುಂಗುಸಿಗಳ ಕಣ್ಣಿಗೂ ಬೀಳಬಾರದಲ್ಲ! ನಮಗೆ ಕಾಣುವ ಹಾಗೆ ಗರಿ ಉಬ್ಬಿಸಿ ಕೂತಿತೆಂದರೆ ಅದು ಮುಚ್ಚಿಡಲಾರದಷ್ಟು ಸೋತಿದೆ ಎಂದೇ ಅರ್ಥ. 'ನಾಳೆ ನೋಡೋಣ' ಎನ್ನುವಂತಿಲ್ಲ.

ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕುತ್ತಾರೆ ಎಂಬುದಕ್ಕೂ ಒಂದು ಕ್ರಮವಿದೆ. ಇದನ್ನು ಕಂಡುಹಿಡಿದವನು ನಾರ್ವೆ ದೇಶದ ಥೋರ್ಲೀಫ್ ಶೆಲ್ಡೆರಪ್ ಎಬ್ಬೆ. ಅವನು ನಿಮ್ಮಂಥ ಚಿಕ್ಕ ಹುಡುಗನಿದ್ದಾಗಲೇ ಕೋಳಿಗಳನ್ನು ನೋಡುತ್ತಾ ಕೂತು, ಕಂಡದ್ದನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದನು. ದೊಡ್ಡವನಾದ ಮೇಲೆ 1921ರಲ್ಲಿ ಅದನ್ನೇ ವಿದ್ವಾಂಸರ ಮುಂದಿಟ್ಟನು. ಅಂಗಳದ ಕೋಳಿಯನ್ನು ನೋಡಿ ಬರೆಯುವುದು ಸಣ್ಣ ಕೆಲಸವಲ್ಲ. ನನಗೆ ಆಗ ಅವನ ಹೆಸರು ಗೊತ್ತಿರಲಿಲ್ಲ. ಆದರೂ ಅಜ್ಜಿ ಹೇಳಿದರೆಂದು ನಾನೂ ಒಂದು ಹಳೆಯ ಪುಸ್ತಕ ತೆಗೆದುಕೊಂಡೆ.

ಮೊದಲು ಕರಿಯಿಗೆ ಬಿಸಿ ಬೇಕಿತ್ತು. ನಮ್ಮ ಮೈಯ ಬಿಸಿ ಸುಮಾರು 37 ಡಿಗ್ರಿ ಸೆಲ್ಸಿಯಸ್. ಕೋಳಿಯದು ಸುಮಾರು 41 ಡಿಗ್ರಿ. ಮಳೆಗಾಲದಲ್ಲಿ ನೆಂದ ಕೋಳಿಗೆ ಆ ಬಿಸಿಯನ್ನು ಉಳಿಸಿಕೊಳ್ಳುವುದೇ ದೊಡ್ಡ ದುಡಿಮೆ. ಅದು ಗರಿ ಉಬ್ಬಿಸುವುದು ಅದಕ್ಕಾಗಿಯೇ. ಗರಿಗಳ ನಡುವೆ ನಿಂತ ಗಾಳಿ ಕಂಬಳಿಯ ಹಾಗೆ ಕೆಲಸ ಮಾಡುತ್ತದೆ. ನಾವು ಹೊರಗಿನಿಂದ ಸ್ವಲ್ಪ ಬಿಸಿ ಕೊಟ್ಟರೆ, ಕೋಳಿ ತನ್ನ ಶಕ್ತಿಯನ್ನು ರೋಗದ ಜೊತೆ ಹೋರಾಡಲು ಬಳಸಬಹುದು.

ಅಜ್ಜಿ ಒಂದು ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ ಒಣ ಬೈಹುಲ್ಲು ಹಾಸಿ, ಅದರ ಮೇಲೆ ಹಳೆಯ ಪತ್ರಿಕೆ ಹಾಸಿದರು. ಪೆಟ್ಟಿಗೆಯ ಒಂದು ಬದಿಯಲ್ಲಿ 40 ವಾಟಿನ ಬಲ್ಬನ್ನು ತೂಗು ಹಾಕಿದರು. ಇನ್ನೊಂದು ಬದಿಯನ್ನು ಹಾಗೆಯೇ ಬಿಟ್ಟರು. ಸೆಕೆಯಾದರೆ ಕೋಳಿ ಆಚೆ ಸರಿಯಬೇಕಲ್ಲವೇ? ಈಗ ನಿಮ್ಮ ಮನೆಯಲ್ಲಿರುವುದು ಎಲ್‌ಇಡಿ ಬಲ್ಬು ಆಗಿರಬಹುದು. ಅದು ಬೆಳಕು ಕೊಡುತ್ತದೆ, ಕೋಳಿಗೆ ಸಾಲುವಷ್ಟು ಬಿಸಿ ಕೊಡುವುದಿಲ್ಲ. ಅದರ ಬದಲು ಬಿಸಿನೀರು ತುಂಬಿದ ಬಾಟಲಿಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ಒಂದು ಮೂಲೆಯಲ್ಲಿಡಬಹುದು. ಬಿಸಿನೀರನ್ನು ದೊಡ್ಡವರೇ ತುಂಬಲಿ. ಮುಚ್ಚಿದ ಕೋಣೆಯಲ್ಲಿ ಕೆಂಡ ಮಾತ್ರ ಇಡಬೇಡಿ. ಅದರ ಹೊಗೆ ಕೋಳಿಗೂ ಕೆಟ್ಟದು, ನಿಮಗೂ ಕೆಟ್ಟದು.

ಬೆಚ್ಚಗಾದ ಮೇಲೆ ನೀರು. ಉಗುರು ಬೆಚ್ಚಗಿನ ನೀರಿಗೆ ಸ್ವಲ್ಪ ಬೆಲ್ಲ ಕದಡಿ, ಹನಿ ಹನಿಯಾಗಿ ಕೊಟ್ಟೆವು. ಅಜ್ಜಿ ಅದಕ್ಕೆ ಉಪ್ಪು ಹಾಕಲು ಬಿಡಲಿಲ್ಲ. ಹೆಚ್ಚು ಉಪ್ಪು ಕೋಳಿಗೆ ವಿಷವಿದ್ದ ಹಾಗೆ. ಸಂಜೆ ಕುಚ್ಚಲಕ್ಕಿ ಗಂಜಿಯ ತೆಳಿ. ಮರುದಿನ ಚೆನ್ನಾಗಿ ಬೆಂದ ಅನ್ನದ ಜೊತೆ ಬೇಯಿಸಿದ ಮೊಟ್ಟೆಯ ಚೂರು. ಕೋಳಿಗೆ ಮೊಟ್ಟೆಯೇ ಎಂದು ನೀವು ನಗಬಹುದು. ನಾನೂ ನಕ್ಕಿದ್ದೆ. ಕಾಯಿಲೆ ಬಿದ್ದವರಿಗೆ ಸುಲಭವಾಗಿ ಜೀರ್ಣವಾಗುವ ಪುಷ್ಟಿಯ ಆಹಾರ ಬೇಕು. ಮೊಟ್ಟೆಗಿಂತ ಒಳ್ಳೆಯದು ಅಡುಗೆಮನೆಯಲ್ಲಿ ಮತ್ತೇನಿದೆ?

ಇನ್ನು ನೋಡುವ ಕೆಲಸ. ಅದು ನನ್ನ ಪಾಲಿಗೆ ಬಂತು.

ಕೋಳಿಯ ಕೊರಳ ಬುಡದಲ್ಲಿ, ಎದೆಯ ಬಲಬದಿಗೆ ಒಂದು ಚೀಲವಿದೆ. ಅದನ್ನು ಮೇವುಚೀಲ ಎನ್ನೋಣ. ಕೋಳಿ ನುಂಗಿದ ಕಾಳು ಮೊದಲು ಅಲ್ಲಿ ಸೇರಿ ನೆನೆಯುತ್ತದೆ. ಆಮೇಲೆ ಮೆಲ್ಲಮೆಲ್ಲನೆ ಕೆಳಗೆ ಇಳಿಯುತ್ತದೆ. ಸಂಜೆ ಗೂಡು ಸೇರುವ ಹೊತ್ತಿಗೆ ಆರೋಗ್ಯದ ಕೋಳಿಯ ಮೇವುಚೀಲ ತುಂಬಿರುತ್ತದೆ. ಬೆಳಿಗ್ಗೆ ಎದ್ದಾಗ ಬರಿದಾಗಿರುತ್ತದೆ. ಸಂಜೆಯೂ ಬರಿದಾಗಿದ್ದರೆ ಕೋಳಿ ದಿನವಿಡೀ ಏನೂ ತಿಂದಿಲ್ಲ. ಬೆಳಿಗ್ಗೆಯೂ ಚೆಂಡಿನಂತೆ ಗಟ್ಟಿಯಾಗಿದ್ದರೆ ಉದ್ದ ಹುಲ್ಲೋ ನಾರೋ ಅಲ್ಲಿ ಸಿಕ್ಕಿಕೊಂಡಿರಬಹುದು. ಕೋಳಿ ಮಾತಾಡುವುದಿಲ್ಲ, ಅದರ ಮೇವುಚೀಲ ಮಾತಾಡುತ್ತದೆ. ಕರಿಯಿಯದು ಸಂಜೆಯೂ ಬರಿದು. ಎದೆಯ ಎಲುಬು ಕೈಗೆ ಚೂರಿಯ ಹಾಗೆ ತಾಗುತ್ತಿತ್ತು. ಅವಳು ಬಡಕಲಾದದ್ದು ಒಂದು ದಿನದಲ್ಲಿ ಆದದ್ದಲ್ಲ. ಗರಿಗಳ ಅಡಿಯಲ್ಲಿ ನಮಗೆ ಕಂಡಿರಲಿಲ್ಲ, ಅಷ್ಟೆ. ತಲೆಯ ಮೇಲಿನ ಜುಟ್ಟು ಕೆಂಪಾಗಿರುವ ಬದಲು ಬಿಳಿಚಿಕೊಂಡಿತ್ತು.

ಪತ್ರಿಕೆ ಹಾಸಿದ್ದೇಕೆ ಗೊತ್ತೇ? ಹಿಕ್ಕೆ ನೋಡಲು. ಮೂಗು ಮುಚ್ಚಿಕೊಳ್ಳಬೇಡಿ, ಇದು ಬಹಳ ಮುಖ್ಯವಾದ ವಿಷಯ. ಆರೋಗ್ಯದ ಕೋಳಿಯ ಹಿಕ್ಕೆ ಕಂದು ಬಣ್ಣದ ಮುದ್ದೆಯಾಗಿದ್ದು, ಮೇಲೆ ಬಿಳಿಯ ಟೊಪ್ಪಿಗೆಯಿರುತ್ತದೆ. ಆ ಬಿಳಿಯೇ ಕೋಳಿಯ ಮೂತ್ರ. ಅದು ಬೇರೆಯಾಗಿ ಮೂತ್ರ ಮಾಡುವುದಿಲ್ಲ. ಹಿಕ್ಕೆಯಲ್ಲಿ ರಕ್ತ ಕಂಡರೆ, ನೀರಿನ ಹಾಗೆ ಹಸಿರಾಗಿದ್ದರೆ ಅದು ಅಪಾಯದ ಗುರುತು. ಎರಡನೆಯ ದಿನ ಬೆಳಿಗ್ಗೆ ನಾನು ಪತ್ರಿಕೆ ಬದಲಿಸುವಾಗ ಹಿಕ್ಕೆಯ ನಡುವೆ ಬಿಳಿ ಶಾವಿಗೆಯಂಥದ್ದು ಕಂಡಿತು. ಬೆರಳಿನಷ್ಟು ಉದ್ದ. ಕಡ್ಡಿಯಿಂದ ಸರಿಸಿದೆ. ಅದು ಅಲುಗಿತು!

ಪುಸ್ತಕದಲ್ಲಿ ನಾನು ಬರೆದದ್ದು ಇಷ್ಟು: 'ಸೋಮವಾರ. ಸಂಜೆ ಮೇವುಚೀಲ ಬರಿದು. ಜುಟ್ಟು ಬಿಳಿ. ಕೆಮ್ಮು ಇಲ್ಲ. ಮಂಗಳವಾರ. ಹಿಕ್ಕೆಯಲ್ಲಿ ಹುಳ ಒಂದು. ಬೆಲ್ಲದ ನೀರು ಕುಡಿಯಿತು. ಅನ್ನ ನಾಲ್ಕು ಅಗುಳು.' ಅಕ್ಷರ ಚೆನ್ನಾಗಿರಲಿಲ್ಲ.

ಅದೇ ದಿನ ಕರಿಯಿಯನ್ನು ಬುಟ್ಟಿಯಲ್ಲಿಟ್ಟು, ಮೇಲೆ ಬಟ್ಟೆ ಮುಚ್ಚಿ, ಪಂಚಾಯತಿನ ಮೃಗಾಸ್ಪತ್ರೆಗೆ ಹೋದೆವು. ಅಲ್ಲಿ ದನಗಳದೇ ಸಾಲು. ಒಂದು ಕೋಳಿಗಾಗಿ ಬಂದವರು ನಾವು ಮಾತ್ರ. ನನಗೆ ನಾಚಿಕೆಯಾಯಿತು. ಆದರೆ ಡಾಕ್ಟರು ನಗಲಿಲ್ಲ. ನನ್ನ ಪುಸ್ತಕ ಓದಿದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು: "ನಿಮ್ಮ ಮನೆಯಲ್ಲಾಗಲಿ ನೆರೆಮನೆಯಲ್ಲಾಗಲಿ ಬೇರೆ ಕೋಳಿಗಳು ಸತ್ತಿವೆಯೇ?"

ಇಲ್ಲ ಎಂದೆವು. ಅವರ ಮುಖ ಸಡಿಲವಾಯಿತು.

ಆ ಪ್ರಶ್ನೆ ಏಕೆ ಕೇಳಿದರು ಎಂಬುದನ್ನು ನೀವು ತಿಳಿದಿರಬೇಕು. ಒಂದು ಕೋಳಿ ಸೊರಗುವುದು ಬೇರೆ, ಕೋಳಿಗಳು ಒಂದರ ಹಿಂದೆ ಒಂದು ಸಾಯುವುದು ಬೇರೆ. ರಾಣಿಖೇತ್ ರೋಗ ಬಂದರೆ ಗೂಡಿಗೆ ಗೂಡೇ ಖಾಲಿಯಾಗಬಹುದು. ಇಂಗ್ಲೆಂಡಿನ ನ್ಯೂಕ್ಯಾಸಲ್ ಊರಿನಲ್ಲಿ 1926ರಲ್ಲಿ ಕಂಡ ಈ ರೋಗ, ಸ್ವಲ್ಪ ಸಮಯದಲ್ಲೇ ಹಿಮಾಲಯದ ತಪ್ಪಲಿನ ರಾಣಿಖೇತ್‌ನಲ್ಲೂ ಕಂಡಿತು. ನಮ್ಮ ದೇಶದಲ್ಲಿ ಅದಕ್ಕೆ ಆ ಊರಿನ ಹೆಸರೇ ನಿಂತಿತು. ಕೋಳಿ ಬಾಯಿ ತೆರೆದು ಉಸಿರಾಡುತ್ತದೆ, ಹಸಿರು ಭೇದಿಯಾಗುತ್ತದೆ, ಕೆಲವಕ್ಕೆ ಕೊರಳು ತಿರುಚಿಕೊಳ್ಳುತ್ತದೆ. ಬಂದ ಮೇಲೆ ಇದಕ್ಕೆ ಮದ್ದಿಲ್ಲ. ಬರುವ ಮೊದಲು ಲಸಿಕೆ ಇದೆ. ಮರಿಗೆ ಸುಮಾರು ಒಂದು ವಾರವಾದಾಗ ಕಣ್ಣಿಗೋ ಮೂಗಿಗೋ ಒಂದು ಹನಿ ಹಾಕುತ್ತಾರೆ. ಸುಮಾರು ಎಂಟು ವಾರವಾದಾಗ ಚುಚ್ಚುಮದ್ದು.

ಇನ್ನೊಂದು ಹಕ್ಕಿಜ್ವರ. ನಮ್ಮ ದೇಶದಲ್ಲಿ ಅದು ಮೊದಲು ಪತ್ತೆಯಾದದ್ದು 2006ರ ಫೆಬ್ರವರಿಯಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. ನಮ್ಮ ಕೇರಳದಲ್ಲಿ 2014ರಲ್ಲಿ ಆಲಪ್ಪುಳ, ಕೋಟ್ಟಯಂ ಕಡೆಯ ಬಾತುಕೋಳಿಗಳಿಗೆ ಬಂತು. ಇದು ಮನುಷ್ಯರಿಗೂ ತಗಲಬಹುದಾದ ರೋಗ. ಆದ್ದರಿಂದ ಮನೆಯ ಸುತ್ತ ಕೋಳಿಗಳೋ ಬಾತುಗಳೋ ಕಾಗೆಗಳೋ ಒಮ್ಮೆಲೇ ಹಲವು ಸತ್ತು ಬಿದ್ದದ್ದು ಕಂಡರೆ ಆರೈಕೆ ಮಾಡಲು ಹೋಗಬೇಡಿ. ಮುಟ್ಟಲೇಬೇಡಿ. ಹೂಳುವ ಕೆಲಸಕ್ಕೂ ಕೈ ಹಾಕದೆ ದೊಡ್ಡವರಿಗೆ ಹೇಳಿ, ಮೃಗಾಸ್ಪತ್ರೆಗೆ ತಿಳಿಸಿ. ಕನಿಕರ ಒಳ್ಳೆಯದೇ, ಆದರೆ ಇಲ್ಲಿ ದೂರ ನಿಲ್ಲಬೇಕು. ಒಂದೇ ಕೋಳಿಯ ಆರೈಕೆ ಮಾಡುವಾಗಲೂ ಪ್ರತಿ ಸಲ ಸಾಬೂನು ಹಚ್ಚಿ ಕೈ ತೊಳೆಯಿರಿ. ಕೋಳಿಯನ್ನು ಮುಖದ ಹತ್ತಿರ ಹಿಡಿದು ಮುದ್ದಿಸಬೇಡಿ.

ಕರಿಯಿಗೆ ಆದದ್ದು ಹುಳದ ಬಾಧೆ. ಹೊಟ್ಟೆ ತುಂಬ ಹುಳ, ಮೇಲೆ ಮಳೆಯ ಚಳಿ. ಡಾಕ್ಟರು ಅವಳನ್ನು ತೂಗಿ ನೋಡಿ, ತೂಕಕ್ಕೆ ಸರಿಯಾಗಿ ಮದ್ದು ಕೊಟ್ಟರು. ಮನುಷ್ಯರ ಮಾತ್ರೆಯನ್ನು ಮುರಿದು ಅಂದಾಜಿನಲ್ಲಿ ಕೋಳಿಗೆ ತಿನ್ನಿಸುವವರಿದ್ದಾರೆ. ಅದು ತಪ್ಪು. ಮೂರು ವಾರ ಕಳೆದು ಇನ್ನೊಮ್ಮೆ ಮದ್ದು ಕೊಡಬೇಕು, ಈಗ ಉಳಿದ ಎಳೆಯ ಹುಳಗಳು ಅಷ್ಟರಲ್ಲಿ ಬೆಳೆದಿರುತ್ತವೆ ಎಂದರು. ಮದ್ದು ಕೊಟ್ಟ ಮೇಲೆ ಎಷ್ಟು ದಿನ ಮೊಟ್ಟೆ ತಿನ್ನಬಾರದು ಎಂಬುದನ್ನೂ ಚೀಟಿಯಲ್ಲಿ ಬರೆದುಕೊಟ್ಟರು.

ಆಮೇಲೆ ಗೂಡಿನ ಬಗ್ಗೆ ವಿಚಾರಿಸಿದರು. ನಮ್ಮ ಗೂಡು ನೆಲದ ಮೇಲೆಯೇ ಇತ್ತು. ಮಳೆಗಾಲದಲ್ಲಿ ಒಳಗೆ ಕೆಸರು. ಹಿಕ್ಕೆಯ ಜೊತೆ ಹೊರಬಿದ್ದ ಹುಳದ ಮೊಟ್ಟೆಗಳು ಒದ್ದೆ ಮಣ್ಣಿನಲ್ಲಿ ಬಲಿಯುತ್ತವೆ. ಕೋಳಿ ಅದೇ ಮಣ್ಣನ್ನು ಕೆದಕಿ ತಿನ್ನುತ್ತದೆ. ಹುಳ ಮತ್ತೆ ಒಳಗೆ! ಅಪ್ಪ ಆ ವಾರವೇ ನಾಲ್ಕು ಮುರಕಲ್ಲುಗಳನ್ನು ಇಟ್ಟು ಗೂಡನ್ನು ಎತ್ತರಿಸಿದರು. ಅಡಿಗೆ ಅಡಿಕೆ ಸಲಿಕೆಗಳನ್ನು ಸಂದು ಬಿಟ್ಟು ಹಾಸಿದರು. ಹಿಕ್ಕೆ ಕೆಳಗೆ ಬೀಳುತ್ತದೆ, ದಿನವೂ ಗುಡಿಸಿ ತೆಂಗಿನ ಬುಡಕ್ಕೆ ಹಾಕಬಹುದು. ನಿಜ ಹೇಳಬೇಕೆಂದರೆ ನಮ್ಮ ಗೂಡಿನ ತಪ್ಪಿಗೆ ಕರಿಯಿ ನರಳಿದ್ದಳು.

ಬುಧವಾರ ಅವಳು ಹತ್ತು ಅಗುಳು ತಿಂದಳು. ಗುರುವಾರ ಕಣ್ಣು ಪೂರ್ತಿ ತೆರೆದಳು. ಶುಕ್ರವಾರ ನಾನು ಪತ್ರಿಕೆ ಬದಲಿಸಲು ಕೈ ಹಾಕಿದಾಗ ಬೆರಳಿಗೆ ಒಂದು ಕುಕ್ಕು ಬಿತ್ತು. ನೋವಾಯಿತು. ನಾನು ಕುಣಿದುಕೊಂಡು ಹೋಗಿ ಅಜ್ಜಿಗೆ ಹೇಳಿದೆ.

ಆದರೂ ಅಜ್ಜಿ ಅವಳನ್ನು ಕೂಡಲೇ ಹೊರಗೆ ಬಿಡಲಿಲ್ಲ. ಒಂದು ವಾರ ಬೇರೆಯಿದ್ದು ಬಂದವಳನ್ನು ಉಳಿದ ಕೋಳಿಗಳು ಹೊಸಬಳೆಂದು ಕುಕ್ಕುತ್ತವೆ. ಒಂಬತ್ತನೆಯ ದಿನ ಕತ್ತಲಾದ ಮೇಲೆ, ಎಲ್ಲವೂ ನಿದ್ದೆಗೆ ಕೂತಿರುವಾಗ, ಅವಳನ್ನು ಮೆಲ್ಲಗೆ ಗೂಡಿನೊಳಗೆ ಸೇರಿಸಿದೆವು. ಬೆಳಿಗ್ಗೆ ಬಾಗಿಲು ತೆಗೆದೆ. ಸ್ವಲ್ಪ ಜಗಳವಾಯಿತು, ರಕ್ತ ಬರಲಿಲ್ಲ. ಐದೂ ಹೊರಗೆ ಬಂದವು.

ಮೂರು ವಾರದ ನಂತರ ಎರಡನೆಯ ಸಲ ಮದ್ದು ಕೊಡಬೇಕಿತ್ತಲ್ಲವೇ? ಅವಳನ್ನು ಹಿಡಿಯಲು ನಾನೂ ಅಕ್ಕನೂ ಅಂಗಳಕ್ಕೆ ಮೂರು ಸುತ್ತು ಓಡಿದೆವು. ಅವಳು ಬೈಹುಲ್ಲಿನ ಮೆದೆ ಹತ್ತಿ, ಅಲ್ಲಿಂದ ಹಟ್ಟಿಯ ಮಾಡಿಗೆ ಹಾರಿ, ಮೇಲಿಂದ ನಮ್ಮನ್ನು ನೋಡಿ ಕೊಕ್ಕೊಕ್ಕೋ ಎಂದಳು. ಕೊನೆಗೆ ರಾತ್ರಿಯಾಗುವವರೆಗೆ ಕಾದು, ಗೂಡಿನಲ್ಲೇ ಹಿಡಿದೆವು.

ಪದಗಳ ಅರ್ಥ

ಹೇಂಟೆ – ಹೆಣ್ಣು ಕೋಳಿ
ತೆಳಿ – ಗಂಜಿಯ ನೀರು
ಹಿಕ್ಕೆ – ಹಕ್ಕಿಗಳ ಮಲ
ಸಲಿಕೆ – ಅಡಿಕೆ ಮರವನ್ನು ಸೀಳಿ ಮಾಡಿದ ಪಟ್ಟಿ
ತೋಡು – ಸಣ್ಣ ಹಳ್ಳ

ಉತ್ತರಿಸಿ

1. ಕಾವು ಕೂತ ಹೇಂಟೆಗೂ ಕಾಯಿಲೆಯ ಹೇಂಟೆಗೂ ಇರುವ ವ್ಯತ್ಯಾಸವನ್ನು ಹೇಗೆ ತಿಳಿಯಬಹುದು?
2. ಕೆಂಪಿ ಸತ್ತದ್ದೇಕೆ? ಕೋಳಿಗೆ ನೀರು ಕುಡಿಸುವ ಸರಿಯಾದ ಕ್ರಮ ಯಾವುದು?
3. "ಬೇರೆ ಕೋಳಿಗಳು ಸತ್ತಿವೆಯೇ?" ಎಂದು ಡಾಕ್ಟರು ಕೇಳಿದ್ದೇಕೆ?

ಮಾಡಿ ನೋಡಿ

ನಿಮ್ಮ ಮನೆಯ ಅಥವಾ ನೆರೆಮನೆಯ ಒಂದು ಆರೋಗ್ಯದ ಕೋಳಿಯನ್ನು ಮೂರು ದಿನ ನೋಡಿ. ಬೆಳಿಗ್ಗೆ ಮತ್ತು ಸಂಜೆ ಅದರ ಮೇವುಚೀಲ ಹೇಗಿರುತ್ತದೆ, ಜುಟ್ಟಿನ ಬಣ್ಣ ಏನು, ಗೂಡಿನಿಂದ ಎಷ್ಟನೆಯದಾಗಿ ಹೊರಗೆ ಬರುತ್ತದೆ ಎಂಬುದನ್ನು ಬರೆಯಿರಿ. ಕೋಳಿಯನ್ನು ಹಿಡಿಯಲು ದೊಡ್ಡವರ ಸಹಾಯ ಪಡೆಯಿರಿ.